ಬರೆಯದೆ ಬಿಟ್ಟ ಆರು ಉಬ್ಬಸ

ನಾನು ಗುರುಮಲ್ಲಪ್ಪನವರ ದನಿಯಲ್ಲಿ ಸುಳ್ಳು ಹೇಳಿದೆ. ಫೋನಿನ ಆ ಕಡೆ ಇದ್ದವರಿಗೆ ಕೇಳಿಸಿದ್ದು ಅವರ ಎಳೆತ, ಅವರ ಕೆಮ್ಮು, ಮಾತಿನ ನಡುವೆ ಉಸಿರಿಗಾಗಿ ಅವರು ನಿಲ್ಲುವ ರೀತಿ—ಎಲ್ಲ ಅವರದೇ. ಮಾತಾಡುತ್ತಿದ್ದವನು ಮಾತ್ರ ನಾನು. ಹೇಳಿದ ಸುಳ್ಳು ಬಹಳ ಚಿಕ್ಕದು. 'ಒಂದೇ ಸಲ'—ಅಷ್ಟೆ. ಅದರಿಂದಾಗಿ ಆ ಮನುಷ್ಯನ ಎದೆಯಲ್ಲಿ ಉಸಿರಿಗೆ ಇದ್ದ ಜಾಗ ಅರ್ಧವಾಯಿತು. ಇದನ್ನು ಇಷ್ಟು ವರ್ಷ ಬಾಯಿಬಿಟ್ಟು ಯಾರಿಗೂ ಹೇಳಿಲ್ಲ. ಇಲ್ಲ, ಒಮ್ಮೆ ಹೇಳಿದ್ದೇನೆ—ಆದರೆ ಅದು ಹೇಳಿದಂತೆ ಆಗಲಿಲ್ಲ.

ನಂಜನಗೂಡಿನಲ್ಲಿ ನನ್ನನ್ನು ಬಲ್ಲವರು ಈ ಸಾಲುಗಳನ್ನು ಓದಿ ಮೊದಲು ನಗುತ್ತಾರೆ, ಗೊತ್ತು. ಶಿವಸ್ವಾಮಿ ಅಂದರೆ ಅಣಕಿಸುವವನು. ಮಠದ ಸ್ವಾಮಿಗಳು ಆಶೀರ್ವಚನದ ನಡುವೆ ಗಂಟಲು ಸರಿಮಾಡಿಕೊಳ್ಳುವುದು, ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲದವರನ್ನು ಬೈಯುವುದು, ನಮ್ಮಪ್ಪ ರೇಷನ್ ಸಾಲಿನಲ್ಲಿ ನಿಂತೇ ತೂಕಡಿಸುವುದು—ಎಲ್ಲವನ್ನೂ ಹೋಟೆಲಿನ ಬೆಂಚಿನ ಮೇಲೆ ಮಾಡಿ ತೋರಿಸಿ ಕಾಫಿ ಗಿಟ್ಟಿಸಿದವನು ನಾನು. ನನ್ನನ್ನೇ ಅಣಕಿಸು ಅಂದರೂ ಮಾಡುತ್ತಿದ್ದೆ. ಅದು ಎಲ್ಲಕ್ಕಿಂತ ಸುಲಭ: ಏನೂ ಕೆಲಸ ಮಾಡದೆ ಬಂದು, ಕರವಸ್ತ್ರದಿಂದ ಕತ್ತು ಒರೆಸಿಕೊಂಡು, 'ಸಾಕಾಗೋಯ್ತು ಕಣ್ರೋ' ಅಂದರೆ ಮುಗಿಯಿತು. ಎಲ್ಲರೂ ಬಿದ್ದು ಬಿದ್ದು ನಗುತ್ತಿದ್ದರು. ಅದು ಅಣಕವಲ್ಲ, ವರದಿ ಎಂದು ಯಾರಿಗೂ ಹೊಳೆಯಲಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕುಳಿತಿದ್ದೆ. ಮೈಸೂರಿನ ಕೆಲವು ಡಾಕ್ಟರುಗಳು ಸೇರಿ ಉಬ್ಬಸಕ್ಕೆ ಬಂದಿದ್ದ ಹೊಸ ಮಾತ್ರೆಯೊಂದನ್ನು ಪರೀಕ್ಷೆ ಮಾಡುವ ಅಧ್ಯಯನ ಶುರುಮಾಡಿದರು. ಅದರಲ್ಲಿ ನನಗೊಂದು ಕೆಲಸ ಸಿಕ್ಕಿತು. ನಂಜನಗೂಡು, ನರಸೀಪುರ ಎರಡು ತಾಲ್ಲೂಕಿನ ರೋಗಿಗಳು. ಪ್ರತಿಯೊಬ್ಬರ ಹೆಸರಿಗೂ ಒಂದು ಮೊಹರು ಮಾಡಿದ ಲಕೋಟೆ. ಚೀಟಿ ಎತ್ತಿದ ಹಾಗೆ ಅರ್ಧ ಜನಕ್ಕೆ ಹೊಸ ಮಾತ್ರೆ, ಇನ್ನರ್ಧಕ್ಕೆ ನೋಡಲು ಹಾಗೇ ಇರುವ, ಒಳಗೆ ಮದ್ದಿಲ್ಲದ ಮಾತ್ರೆ. ಅವರವರ ಹಳೆಯ ಔಷಧಿ ಹೇಗೂ ನಡೆಯುತ್ತಿತ್ತು. ಯಾರಿಗೆ ಯಾವುದು ಸಿಕ್ಕಿದೆ ಅನ್ನುವುದು ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ, ಮೊಪೆಡ್ಡಿನಲ್ಲಿ ಬಿಳಿಗೆರೆಯಿಂದ ನರಸೀಪುರದವರೆಗೆ ಮನೆ ಮನೆ ಸುತ್ತುವ ನನಗಂತೂ ಗೊತ್ತೇ ಇಲ್ಲ. ನನ್ನ ಕೆಲಸ ಒಂದೇ: ತಿಂಗಳಿಗೊಮ್ಮೆ ಹೋಗಿ, ಉಬ್ಬಸ ಯಾವಾಗ ಬಂತು, ಎಷ್ಟು ಸಲ ಬಂತು ಕೇಳಿ ಬರೆದುಕೊಳ್ಳುವುದು. ಒಂದೊಂದು ಸಲಕ್ಕೂ ಒಂದೊಂದು ಫಾರಂ. ಒಂದೊಂದು ಫಾರಮ್ಮೂ ನಾಲ್ಕು ಪುಟ.

ನಾಲ್ಕು ಪುಟ! ನನ್ನ ಇಡೀ ಪಾಪದ ಉದ್ದ ಅಷ್ಟೇ ಅನ್ನಿಸುತ್ತದೆ ಒಮ್ಮೊಮ್ಮೆ.

ಗುರುಮಲ್ಲಪ್ಪನವರು ನರಸೀಪುರದವರು. ಐವತ್ತೈದರ ಆಸುಪಾಸು. ನಂಜನಗೂಡು ರಸ್ತೆಯ ಒಂದು ಅಕ್ಕಿ ಗಿರಣಿಯಲ್ಲಿ ಚೀಲ ಎಣಿಸುವ ಕೆಲಸ. ಲಾರಿಯಿಂದ ಭತ್ತದ ಮೂಟೆ ಇಳಿಯುವಾಗ ಬಾಗಿಲಲ್ಲಿ ನಿಂತು ಎಣಿಕೆಯನ್ನು ಕೂಗುವವರು ಅವರು. ನಮ್ಮ ಕಡೆ ಧಾನ್ಯ ಎಣಿಸುವಾಗ ಮೊದಲನೆಯದನ್ನು ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತೇವೆ. 'ಲಾಭವೋ ಲಾಭ... ಎರಡೋ ಎರಡು... ಮೂರೋ ಮೂರು...'—ಮುಂದಿನ ಮೂಟೆ ಬರುವವರೆಗೂ ಆ ಸಂಖ್ಯೆಯನ್ನು ಎಳೆದು ಗಾಳಿಯಲ್ಲಿ ಹಿಡಿದಿರಬೇಕು, ಬಿಟ್ಟರೆ ಲೆಕ್ಕ ತಪ್ಪುತ್ತದೆ. ಅವರ ಕೂಗು ರಸ್ತೆಗೆ ಕೇಳುತ್ತಿತ್ತು. ಒಂದು ಮೂಟೆ ತಪ್ಪಿದ್ದು ನಾನು ಕಂಡಿಲ್ಲ. ಅಂಥ ದನಿಯ ಮನುಷ್ಯನಿಗೆ ಉಬ್ಬಸ. ಅದೂ ಭತ್ತದ ಧೂಳಿನ ನಡುವೆ.

ಅವರ ಮನೆಯವರು ಮಂಗಳಮ್ಮ. ಓದು ಬರಹ ಅಷ್ಟಕ್ಕಷ್ಟೆ, ಆದರೆ ಅಧ್ಯಯನಕ್ಕೆ ಬೇಕಾದ ಬುದ್ಧಿ ನನಗಿಂತ ಹೆಚ್ಚಿತ್ತು. ಗಂಡನಿಗೆ ಉಬ್ಬಸ ಬಂದ ದಿನ ಗೋಡೆಯ ಕ್ಯಾಲೆಂಡರಿನ ಆ ತಾರೀಖಿನ ಮೇಲೆ ತಮ್ಮ ಸ್ಟಿಕ್ಕರ್ ಬೊಟ್ಟು ಒಂದನ್ನು ಅಂಟಿಸುತ್ತಿದ್ದರು. ನಾನು ಹೋಗಿ ಬೊಟ್ಟು ಎಣಿಸಿದರೆ ಸಾಕು.

"ಇದೇನವ್ವ, ಕ್ಯಾಲೆಂಡರ್‌ಗೇ ಮದ್ವೆ ಮಾಡ್ಬುಟ್ಟಿದ್ದೀರಾ?" ಅಂದಿದ್ದೆ ಮೊದಲ ಸಲ.

"ನಿಂಗೊಂದು ಮಾಡ್ಬೇಕು ಮೊದ್ಲು, ಆಗ ಬಾಯಿ ನಿಲ್ತದೆ," ಅಂದರು ಮಂಗಳಮ್ಮ. "ಕೂತ್ಕ, ಬರ್ಕೊ. ಈ ತಿಂಗ್ಳು ಮೂರು."

ಜಗಲಿಯಲ್ಲಿ ಕುಳಿತಿದ್ದ ಗುರುಮಲ್ಲಪ್ಪನವರು ಕೈಯಾಡಿಸಿದರು. "ಅವೆಲ್ಲ ಬರೀಬ್ಯಾಡ ಕಣಪ್ಪ. ಒಂದು ಮಾತ್ರ ಕಾಯ್ಲೇದು. ಇನ್ನೆರಡು ಗಿರಣಿ ಧೂಳಿಂದು."

ಈ ಮಾತನ್ನು ನಾನು ಎಷ್ಟು ಮನೆಯಲ್ಲಿ ಕೇಳಿದ್ದೇನೋ. ಬಿಳಿಗೆರೆಯಲ್ಲಿ ಒಬ್ಬರಿಗೆ ಬಂದದ್ದು ಮೋಡದ್ದು, ಹೆಡತಲೆಯ ಒಬ್ಬ ಅಜ್ಜಿಗೆ ಬಂದದ್ದು ಒಗ್ಗರಣೆ ಘಾಟಿನದು. ಕಾರಣ ಗೊತ್ತಿದ್ದ ಉಬ್ಬಸವನ್ನು ನಮ್ಮ ಜನ ಕಾಯಿಲೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಕಾರಣವಿಲ್ಲದೆ ಬಂದರೆ ಮಾತ್ರ ಅದು ಕಾಯಿಲೆ. 'ಯಾತರಿಂದ ಬಂದರೂ ಬರೆಯಬೇಕು' ಎಂದು ನಮಗೆ ಹೇಳಿಕೊಟ್ಟಿದ್ದರು. ಇದನ್ನು ಅವರಿಗೆ ತಿಳಿಸಿ ಹೇಳುವುದೇ ನನ್ನ ಕೆಲಸವಾಗಿತ್ತು. ಮಂಗಳಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವರು ಧೂಳಿನದಕ್ಕೂ ಬೊಟ್ಟು ಹಚ್ಚುತ್ತಿದ್ದರು. ನಾನು ಮಾತ್ರ ಗಂಡನ ಮಾತು ಹಿಡಿದೆ. ಏಕೆಂದರೆ ಗಂಡನ ಮಾತಿನಲ್ಲಿ ಎಂಟು ಪುಟ ಉಳಿಯುತ್ತಿತ್ತು.

ಇನ್ನೊಂದು ನೆವವೂ ಸಿಕ್ಕಿತ್ತು. ಶುರುವಿನಲ್ಲಿ ಡಾಕ್ಟರು ಹೇಳಿದ್ದರು: ಮಾತ್ರೆ ಶುರುಮಾಡಿದ ಮೇಲೆ ಮೊದಲ ಉಬ್ಬಸ ಎಷ್ಟು ದಿನಕ್ಕೆ ಬಂತು, ಅದೇ ಮುಖ್ಯ. ಸರಿ, ಮೊದಲನೆಯದು ಬರೆದಾಯಿತು, ಇನ್ನುಳಿದದ್ದು ಯಾರಿಗೆ ಬೇಕು? ಹೀಗೆ ಅಂದುಕೊಂಡು ಎಲ್ಲ ಮನೆಗಳಲ್ಲೂ ಒಂದೊಂದೇ ಫಾರಂ ತುಂಬುತ್ತ ಹೋದೆ. ನಾನು ಆರಾಮಾಗಿದ್ದೆ. ಕಾಗದದ ಮೇಲೆ ರೋಗಿಗಳೂ ಆರಾಮಾಗಿದ್ದರು.

ಆಮೇಲೆ ವಿಮಲಾ ಮೇಡಂ ಬಂದರು. ಅವರು ಡಾಕ್ಟರಲ್ಲ, ಸಂಖ್ಯಾಶಾಸ್ತ್ರದವರು. ನಾವು ತಂದ ಫಾರಂಗಳಿಂದ ಅರ್ಥ ತೆಗೆಯುವವರು. ನಂಜನಗೂಡಿನಲ್ಲಿ ನಮ್ಮನ್ನೆಲ್ಲ ಒಂದು ಕೋಣೆಯಲ್ಲಿ ಕೂರಿಸಿ ಬೋರ್ಡಿನ ಮೇಲೆ ಎರಡು ಗೆರೆ ಎಳೆದರು, ಒಬ್ಬೊಬ್ಬ ರೋಗಿಗೆ ಒಂದೊಂದು. ಎರಡರ ಮೇಲೂ ಇಪ್ಪತ್ತನೇ ದಿನಕ್ಕೆ ಒಂದು ಅಡ್ಡಗೀಟು, ಅಂದರೆ ಒಂದು ಉಬ್ಬಸ. ಮೊದಲ ಗೆರೆ ಹಾಗೇ ಖಾಲಿ ಮುಂದುವರಿಯಿತು. ಎರಡನೆಯದರ ಮೇಲೆ ಮತ್ತೆ ಒಂದು, ಮತ್ತೊಂದು—ಒಟ್ಟು ಆರು ಗೀಟು ಎಳೆದರು.

"ಮೊದಲನೆಯದನ್ನು ಮಾತ್ರ ನೋಡಿದರೆ ಈ ಇಬ್ಬರೂ ಒಂದೇ," ಅಂದರು. "ಹೇಳಿ, ಇವರಿಬ್ಬರೂ ಒಂದೇನಾ?"

ನಾನು ಹಿಂದಿನ ಬೆಂಚಿನಲ್ಲಿ ಅವರು ಕನ್ನಡಕ ಮೇಲೆತ್ತುವುದನ್ನು ಅಭ್ಯಾಸ ಮಾಡುತ್ತಿದ್ದೆ.

ಅವತ್ತು ಅವರು ಹೇಳಿದ್ದು ನನಗೆ ಈಗಲೂ ನೆನಪಿದೆ—ಅಣಕಿಸಲು ಕಲಿತದ್ದು ಬೇಗ ಮರೆಯುವುದಿಲ್ಲ. ಇನ್ನು ಮೇಲೆ ಎಲ್ಲ ಉಬ್ಬಸಗಳನ್ನೂ ಲೆಕ್ಕಕ್ಕೆ ತಗೊಳ್ಳುತ್ತೇವೆ, ಅಂದರು. ಒಂದೇ ಎದೆಯಲ್ಲಿ ಬಂದ ಆರು ಉಬ್ಬಸ, ಆರು ಜನರಿಗೆ ಒಂದೊಂದು ಬಂದ ಹಾಗಲ್ಲ. ಅವು ಒಂದೇ ಮನೆಯ ಅಣ್ಣತಮ್ಮಂದಿರು, ಒಂದು ಬಂದ ಕಡೆ ಇನ್ನೊಂದು ಬರುವುದು ಸುಲಭ. ಅದಕ್ಕೆ ತಕ್ಕ ಹಾಗೆ ಲೆಕ್ಕ ಮಾಡುವ ದಾರಿಗಳಿವೆ. ಮೂರು ತಿಂಗಳು ನೋಡಿದವರನ್ನು, ಹತ್ತು ತಿಂಗಳು ನೋಡಿದವರನ್ನು ಒಂದೇ ತಕ್ಕಡಿಗೆ ಹಾಕಬಾರದು. ಕೊನೆಗೆ ಹೇಳಿದರು: "ಸತ್ತವರಿಗೂ ಉಬ್ಬಸ ಬರುವುದಿಲ್ಲ. ಅದನ್ನು ಮಾತ್ರೆ ಕೆಲಸ ಮಾಡಿತು ಅಂತ ಬರೆಯೋಕಾಗಲ್ಲ."

ಆಗ ನಾನು ನಕ್ಕೆ. ನಗೆ ಬರುವ ಮಾತು ಅನ್ನಿಸಿತ್ತು.

ಇನ್ನೊಂದು ನಿಯಮವನ್ನೂ ಅವರು ಮತ್ತೆ ಒತ್ತಿ ಹೇಳಿದರು. ಯಾರಿಗಾದರೂ ಎರಡು ತಿಂಗಳೊಳಗೆ ಮೂರು ಸಲ ಉಬ್ಬಸ ಬಂದರೆ ಕೂಡಲೇ ಡಾಕ್ಟರಿಗೆ ತಿಳಿಸಬೇಕು. ಲಕೋಟೆಯ ಮಾತ್ರೆ ನಿಲ್ಲಿಸಿ, ಬಾಯಿಂದ ಎಳೆದುಕೊಳ್ಳುವ, ಗುಣ ಗೊತ್ತಿರುವ ಮದ್ದನ್ನು ಅವರಿಗೆ ಕೊಡಬೇಕು. ಅಂದರೆ ನನ್ನ ಫಾರಂ ಬರೀ ಲೆಕ್ಕವಲ್ಲ. ರೋಗಿ ಸಹಾಯಕ್ಕೆ ಕೂಗುವ ಕೂಗು ಅದು. ಇದು ನನಗೆ ಅರ್ಥವಾಗಲಿಲ್ಲ ಎಂದು ಹೇಳಿದರೆ—ಇಲ್ಲ, ಅರ್ಥವಾಗಿತ್ತು.

ಊಟದ ಬಿಡುವಿನಲ್ಲಿ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. "ಶಿವಸ್ವಾಮಿ, ನಿಮ್ಮ ಕಡೆಯ ಜನ ಬಹಳ ಶಿಸ್ತಿನವರು ಕಣ್ರೀ. ಎಲ್ಲರಿಗೂ ಒಂದೊಂದೇ ಸಲ ಉಬ್ಬಸ. ಬೇರೆಯವರು ತಂದ ಫಾರಂಗಳಲ್ಲಿ ಒಮ್ಮೆ ಬಂದವರಿಗೆ ಮತ್ತೆ ಮತ್ತೆ ಬಂದಿದೆ."

"ನಮ್ ಕಡೆ ಗಾಳಿ ಒಳ್ಳೇದು ಮೇಡಂ. ಕಬಿನಿ, ಕಾವೇರಿ ಎರಡೂ ಇದಾವಲ್ಲ," ಅಂದೆ.

ಅವರು ನಗಲಿಲ್ಲ. ಮೂರು ರೋಗಿಗಳ ಹೆಸರು ಬರೆದುಕೊಟ್ಟರು. ಇಂಥ ದಿನ, ಇಂಥ ಹೊತ್ತಿಗೆ ನರಸೀಪುರದ ಬಸ್ ನಿಲ್ದಾಣದ ಎಸ್‌ಟಿಡಿ ಬೂತಿಗೆ ಫೋನ್ ಮಾಡುತ್ತೇನೆ, ಇವರನ್ನು ಕರೆತನ್ನಿ, ನಾನೇ ಕೇಳುತ್ತೇನೆ, ಅಂದರು. ಮೂರನೆಯ ಹೆಸರು ಗುರುಮಲ್ಲಪ್ಪನವರದು. ಆ ಹೊತ್ತಿಗೆ ಅವರ ಕ್ಯಾಲೆಂಡರಿನಲ್ಲಿ ಎರಡು ತಿಂಗಳಲ್ಲಿ ಐದು ಬೊಟ್ಟು. ನನ್ನ ಚೀಲದಲ್ಲಿ ಒಂದು ಫಾರಂ.

ಆ ದಿನ ಮೊದಲ ಇಬ್ಬರನ್ನು ಕರೆತಂದೆ. ನನ್ನ ಪುಣ್ಯಕ್ಕೆ ಅವರಿಗೆ ನಿಜವಾಗಿಯೂ ಒಂದೇ ಸಲ ಬಂದಿತ್ತು. ಮಾತಾಡಿ ಹೋದರು. ಗುರುಮಲ್ಲಪ್ಪನವರು ಅಲ್ಲಿಂದ ಕೂಗಳತೆಯ ಗಿರಣಿಯಲ್ಲೇ ಇದ್ದರು. ನಾನು ಕರೆಯಲು ಹೋಗಲಿಲ್ಲ. ಕರೆದಿದ್ದರೆ ಬರುತ್ತಿದ್ದರು, ಬಂದಿದ್ದರೆ ನಿಜ ಹೇಳುತ್ತಿದ್ದರು—ಧೂಳಿಂದು ಬೇರೆ, ಕಾಯ್ಲೇದು ಬೇರೆ ಎಂದಾದರೂ ಐದನ್ನೂ ಹೇಳುತ್ತಿದ್ದರು. ನನ್ನ ಕೆಲಸ ಹೋಗುತ್ತಿತ್ತು.

ಗಾಜಿನ ಗೂಡಿನೊಳಗೆ ಹೋಗಿ ಬಾಗಿಲು ಎಳೆದುಕೊಂಡೆ. ಭುಜ ಸ್ವಲ್ಪ ಕುಗ್ಗಿಸಿದೆ. ಗಂಟಲಿನ ತಳದಲ್ಲಿ ಆ ಸಣ್ಣ ಸಿಳ್ಳೆಯನ್ನು ತಂದುಕೊಂಡೆ.

"ಗುರುಮಲ್ಲಪ್ಪನವರಾ?"

"ಊ ಕಣವ್ವ, ನಾನೇಯ."

"ಈ ಎರಡು ತಿಂಗಳಲ್ಲಿ ಉಬ್ಬಸ ಎಷ್ಟು ಸಲ ಬಂತು ನಿಮಗೆ?"

"ಒಂದೇ ಸಲ ಕಣವ್ವ. ಆಮ್ಯಾಕೆ ಬಂದಿಲ್ಲ."

ಮೇಡಂ ದನಿ ಮೆತ್ತಗಾಯಿತು. "ಮಾತಾಡುವಾಗಲೇ ಎದೆ ಕಟ್ಟಿದ ಹಾಗಿದೆಯಲ್ಲ ಯಜಮಾನ್ರೆ? ನನಗೆ ಇಲ್ಲಿಗೆ ಕೇಳಿಸ್ತಿದೆ."

ನಾನು ಅಷ್ಟು ಚೆನ್ನಾಗಿ ಮಾಡಿದ್ದೆ. ಸುಳ್ಳು ನನ್ನದು, ಸಿಳ್ಳೆ ಮಾತ್ರ ಅವರದೇ—ಆ ಸಿಳ್ಳೆ ನಿಜ ಹೇಳುತ್ತಿತ್ತು. ಅದೊಂದು ಕ್ಷಣ ಇತ್ತು ನನ್ನ ಕೈಯಲ್ಲಿ. 'ಊ ಕಣವ್ವ, ಕಟ್ತದೆ' ಅಂದುಬಿಡಬಹುದಿತ್ತು, ಅವರ ದನಿಯಲ್ಲೇ.

"ಬಿಸ್ಲಲ್ಲಿ ನಡ್ಕ ಬಂದೆ ನೋಡವ್ವ, ಅದ್ಕೆ. ಏನಿಲ್ಲ ಬುಡಿ," ಅಂದೆ.

"ಹುಷಾರು. ಒಂದು ಸಲ ಡಾಕ್ಟರಿಗೆ ತೋರಿಸಿ."

"ಆಗ್ಲಿ ಕಣವ್ವ. ಓಗ್ತೀನಿ."

ಹೊರಗೆ ಬಂದೆ. ಬೂತಿನವನು ಕಣ್ಣು ಬಿಟ್ಟುಕೊಂಡು ನಿಂತಿದ್ದ. "ಏನ್ಲಾ ಇದು! ಗಿರಣಿ ಗುರುಮಲ್ಲಪ್ಪನೇ ಒಳಗವ್ನೆ ಅನ್ಕಬುಟ್ಟೆ ಕಣ್ಲಾ!" ಅಂದ. ನಾನು ತಲೆಬಾಗಿ ನಮಸ್ಕಾರ ಮಾಡಿದೆ, ನಾಟಕದವರು ಮಾಡುವ ಹಾಗೆ.

ಮೂರು ವಾರದಲ್ಲಿ ಇನ್ನೆರಡು ಬೊಟ್ಟು ಬಿದ್ದವು ಎಂದು ದಾರಿಯಲ್ಲಿ ಸಿಕ್ಕ ಮಂಗಳಮ್ಮ ಹೇಳಿದರು. ಅವನ್ನೂ ಬರೆಯಲಿಲ್ಲ. ಒಮ್ಮೆ ಅವರ ದನಿಯಲ್ಲಿ ಒಂದೇ ಸಲ ಅಂದ ಮೇಲೆ, ನನ್ನ ದನಿಯಲ್ಲಿ ಏಳು ಅನ್ನುವುದು ಹೇಗೆ?

ಆ ತಿಂಗಳ ಭೇಟಿಗೆ ಹೋದ ದಿನ ಗಿರಣಿಯ ಮುಂದೆ ಜನ ಗುಂಪಾಗಿದ್ದರು. ಗುರುಮಲ್ಲಪ್ಪನವರು ಮೂಟೆಗೆ ಒರಗಿ ಕುಳಿತಿದ್ದರು. ಎರಡೂ ಕೈ ಮೊಣಕಾಲಿಗೆ ಊರಿ, ಬಾಯಿ ತೆರೆದು—ಉಸಿರು ಒಳಗೂ ಹೋಗುತ್ತಿಲ್ಲ, ಹೊರಗೂ ಬರುತ್ತಿಲ್ಲ. ತುಟಿ ನೀಲಿ. ನನ್ನನ್ನು ನೋಡಿದರು. ಏನೋ ಹೇಳಲು ಹೋದರು, ದನಿ ಬರಲಿಲ್ಲ. ಗಿರಣಿಯ ಜೀಪು ಹೊರಡಿಸಿ, ಅವರನ್ನು ಎತ್ತಿ ಹಾಕಿಕೊಂಡು ಮೈಸೂರಿನ ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ಅವರ ಬೆನ್ನು ನನ್ನ ಎದೆಗೆ ಒತ್ತಿಕೊಂಡಿತ್ತು. ಆ ಬೆನ್ನೊಳಗೆ ಆಗುತ್ತಿದ್ದುದನ್ನು ನಾನು ಎಂದೂ ಅಣಕಿಸಿರಲಿಲ್ಲ. ಅಣಕಿಸಲು ಅಲ್ಲಿ ಶಬ್ದವೇ ಇರಲಿಲ್ಲ.

ಹತ್ತಾರು ದಿನ ಆಮ್ಲಜನಕದ ಮೇಲಿದ್ದರು. ಉಳಿದರು. ಆದರೆ ಗಿರಣಿಗೆ ಮತ್ತೆ ಹೋಗಲಾಗಲಿಲ್ಲ. ಜಗಲಿಯಿಂದ ಬೀದಿಯ ನಲ್ಲಿಗೆ ಹೋಗಿ ಬರುವುದರಲ್ಲಿ ಎರಡು ಕಡೆ ನಿಲ್ಲುತ್ತಾರೆ. ಕೂಗು ಹೋಯಿತು.

ಮೇಡಂ ಫೋನ್ ಮಾಡಿದ್ದರು. "ಒಂದೇ ಸಲ ಬಂದಿದ್ದ ಮನುಷ್ಯನಿಗೆ ಇಷ್ಟು ಜೋರಾಗಿ ಬಂತಾ, ಶಿವಸ್ವಾಮಿ?"

"ಕೆಲವರಿಗೆ ಹಾಗಾಗುತ್ತಂತೆ ಮೇಡಂ," ಅಂದೆ. ಆಸ್ಪತ್ರೆಗೆ ಸೇರಿದ್ದನ್ನು ಎರಡನೆಯ ಫಾರಂ ಎಂದು ಬರೆದುಕೊಟ್ಟೆ. ಎಂಟು ಇರಬೇಕಾದ ಕಡೆ ಎರಡು.

ಅಧ್ಯಯನ ಮುಗಿದು ಲಕೋಟೆಗಳನ್ನು ಒಡೆದಾಗ ಗುರುಮಲ್ಲಪ್ಪನವರಿಗೆ ಸಿಕ್ಕಿದ್ದು ಮದ್ದಿಲ್ಲದ ಬರೀ ಹಿಟ್ಟಿನ ಮಾತ್ರೆ ಎಂದು ತಿಳಿಯಿತು. ಅದರಲ್ಲಿ ಯಾರ ತಪ್ಪೂ ಇಲ್ಲ. ಯಾರಿಗಾದರೂ ಅದು ಸಿಗಲೇಬೇಕಿತ್ತು. ಅದು ಸಿಕ್ಕವರನ್ನು ಕಾಪಾಡಲೆಂದೇ ಮೂರು ಸಲದ ನಿಯಮ ಇತ್ತು. ಮೂರನೆಯ ಬೊಟ್ಟಿಗೇ ಅವರ ಕೈಗೆ ಒಳ್ಳೆಯ ಮದ್ದು ಸೇರಬೇಕಾಗಿತ್ತು. ಅದನ್ನು ತಡೆದು ಬಾಗಿಲಲ್ಲಿ ನಿಂತವನು ನಾನು. ಹೊಸ ಮಾತ್ರೆಯಿಂದ ಪ್ರಯೋಜನ ಇದೆಯೋ ಇಲ್ಲವೋ ಖಚಿತವಾಗಿ ಹೇಳಲಾಗದು ಎಂದು ವರದಿ ಬಂತು. ಹೇಗೆ ಹೇಳಲಾದೀತು? ಎರಡು ಗುಂಪಿನವರ ಉಬ್ಬಸವನ್ನೂ ನಾನು ಒಂದಕ್ಕೇ ನಿಲ್ಲಿಸಿಬಿಟ್ಟಿದ್ದೆನಲ್ಲ. ಆ ಮಾತ್ರೆ ನಿಜವಾಗಿ ಒಳ್ಳೆಯದಾಗಿದ್ದರೆ, ಅದು ಸಿಗದೆ ಹೋದವರು ಎಲ್ಲೆಲ್ಲಿದ್ದಾರೋ—ಅವರ ಮುಖ ನನಗೆ ಗೊತ್ತಿಲ್ಲ.

ಇದೆಲ್ಲಕ್ಕಿಂತ ತಡೆಯಲಾಗದ್ದು ಅವರ ಉಪಕಾರ ಸ್ಮರಣೆ. ಮಂಗಳಮ್ಮ ಬಂದವರಿಗೆಲ್ಲ ನನ್ನನ್ನು ತೋರಿಸುತ್ತಾರೆ. "ಈ ಮಗ ಅವತ್ತು ಗಿರಣಿತಕೆ ಬರ್ದೇ ಇದ್ದಿದ್ರೆ ನಮ್ ಯಜಮಾನ್ರು ಇರ್ತಿರ್ನಿಲ್ಲ." ನನ್ನ ಮದುವೆಗೆ ಬಂದು, ಮಗನ ಮದುವೆಯೇನೋ ಅನ್ನುವ ಹಾಗೆ ಅಕ್ಷತೆ ಹಾಕಿ ಹೋದರು. ನಾನು ಈಗ ನಂಜನಗೂಡಿನ ಪಕ್ಕ ತಾಂಡ್ಯದ ಒಂದು ಕಾರ್ಖಾನೆಯಲ್ಲಿದ್ದೇನೆ. ರಜೆಯ ದಿನ ಅವರ ಮನೆಗೆ ಹೋಗುತ್ತೇನೆ. ಹೋಗದಿದ್ದರೆ ಹೇಳಿ ಕಳಿಸುತ್ತಾರೆ.

ಕಳೆದ ವರ್ಷ ಒಂದು ಮಧ್ಯಾಹ್ನ, ಊಟವಾದ ಮೇಲೆ ಗುರುಮಲ್ಲಪ್ಪನವರು ತಡೆದು ತಡೆದು ಕೇಳಿದರು. "ಶಿವು... ನನ್ ಥರ... ಒಂದ್ಸಲ ಎಣ್ಸಲಾ. ಕೇಳ್ಬೇಕು ಅನ್ನಿಸ್ತದೆ."

ಅವರ ಹಳೆಯ ಕೂಗು ಈಗ ಉಳಿದಿರುವುದು ನನ್ನ ಗಂಟಲಿನಲ್ಲಿ ಮಾತ್ರ. ಮಾಡಿದೆ. 'ಲಾಭವೋ ಲಾಭ... ಎರಡೋ ಎರಡು...' ಅವರು ಕಣ್ಣು ಮುಚ್ಚಿ ಕೇಳಿದರು. ಬೆರಳು ಮಡಿಸುತ್ತಿದ್ದರು. ಏಳಕ್ಕೆ ಬಂದಾಗ ನನಗೆ ಮುಂದೆ ಹೋಗಲಾಗಲಿಲ್ಲ.

"ಯಾಕ್ಲಾ ನಿಲ್ಸಿದೆ?"

ಆಗ ಹೇಳಿದೆ. ಎಲ್ಲವನ್ನೂ—ಫಾರಂ, ಬೂತು, ಮೇಡಂ, ಅವರ ದನಿಯಲ್ಲಿ ನಾನು ಅಂದ ಮಾತು. ಮಂಗಳಮ್ಮ ಸೆರಗು ಬಾಯಿಗೆ ಹಿಡಿದು ಕೇಳುತ್ತಿದ್ದರು. ಆ ಮಾತನ್ನು ಹೇಗೆ ಅಂದೆನೋ ಹಾಗೇ ಹೇಳಬೇಕು ಅನ್ನಿಸಿ, ಅವರ ದನಿಯಲ್ಲೇ ಹೇಳಿಬಿಟ್ಟೆ: "ಒಂದೇ ಸಲ ಕಣವ್ವ."

ಗುರುಮಲ್ಲಪ್ಪನವರು ನಕ್ಕರು. ಮಂಗಳಮ್ಮನೂ ನಕ್ಕರು, ಕಣ್ಣಲ್ಲಿ ನೀರು ಬರುವ ಹಾಗೆ. "ಅಯ್ಯೋ ಇವ್ನ! ಎಲ್ಲಿಂದ ಕಟ್ಕೊಂಡು ಬತ್ತಾನೋ ಇವೆಲ್ಲಾನೂವೆ!" ಗುರುಮಲ್ಲಪ್ಪನವರು ನಗು ತಡೆಯಲಾರದೆ ಕೆಮ್ಮತೊಡಗಿದರು. ನಾನು ಎದ್ದು ಬೆನ್ನು ನೀವಿದೆ. ನೀವುತ್ತ—ನಾನೂ ನಕ್ಕೆ. ಅವರ ಜೊತೆ ನಕ್ಕುಬಿಟ್ಟೆ. ಬೂತಿನಲ್ಲಿ ಮಾಡಿದ್ದಕ್ಕಿಂತ ಇದು ಸಣ್ಣ ತಪ್ಪು ಎಂದು ನನಗೆ ಅನ್ನಿಸುವುದಿಲ್ಲ.

ನಿಜ ಹೇಳಲು ಹೊರಟರೂ ಆಟ ಎಂದು ಕಾಣುವ ಮುಖ ನನ್ನದು. ಅದನ್ನು ಹಾಗೆ ಮಾಡಿಕೊಂಡವನೂ ನಾನೇ. ಅದಕ್ಕೇ ಇದನ್ನು ಬರೆದೆ. ಮೊದಲು ವಿಮಲಾ ಮೇಡಂಗೆ ಕಾಗದ ಬರೆದು ನೆನಪಿದ್ದ ಮನೆಗಳ ಹೆಸರನ್ನೆಲ್ಲ ಕೊಟ್ಟೆ. ಅವರು ಎರಡೇ ಸಾಲಿನ ಉತ್ತರ ಬರೆದರು: 'ವರದಿಗೆ ತಿದ್ದುಪಡಿ ಕಳಿಸುತ್ತೇನೆ. ಆ ದಿನ ನನಗೆ ಕೇಳಿಸಿದ್ದು ಸರಿಯಾಗಿತ್ತು, ನಾನು ಅಲ್ಲಿಗೆ ಬರಬೇಕಿತ್ತು.' ತಪ್ಪನ್ನು ತಮ್ಮ ಮೇಲೂ ಎಳೆದುಕೊಂಡಿದ್ದಾರೆ. ಅದು ಅವರದಲ್ಲ.

ಬರುವ ಭಾನುವಾರ ಈ ಹಾಳೆಗಳನ್ನು ಹಿಡಿದುಕೊಂಡು ನರಸೀಪುರಕ್ಕೆ ಹೋಗುತ್ತೇನೆ. ಗುರುಮಲ್ಲಪ್ಪನವರ ಎದುರು ಕುಳಿತು, ಯಾರ ದನಿಯನ್ನೂ ಮಾಡದೆ, ಓದುತ್ತೇನೆ. ಅವರು ನಗಬಹುದು. ನಕ್ಕರೆ ನಾನು ನಗುವುದಿಲ್ಲ. ನಗು ಮುಗಿಯುವವರೆಗೆ, ಆಮೇಲಿನ ಕೆಮ್ಮು ಮುಗಿಯುವವರೆಗೆ ಕಾಯುತ್ತೇನೆ. ಆಮೇಲೆ ಮತ್ತೆ ಮೊದಲ ಸಾಲಿನಿಂದ ಓದುತ್ತೇನೆ.